ಭಾವನ ಬಾಡಿ, ಭಾವಮೈದುನನ ಎಂಜಿನ್

ಹರ್ಷದಾ ಮದುವೆಯಾಗಿ ಅಬಿಡ್ಸ್‌ನ ಹಿಂದಿನ ಗಲ್ಲಿಯ ಆ ಹಳೇ ಮನೆಗೆ ಬಂದ ದಿನ ಅವಳಿಗೆ ಮೊದಲು ತೋರಿಸಿದ್ದು ದೇವರ ಕೋಣೆಯನ್ನಲ್ಲ, ಕಾರಿನ ಶೆಡ್ಡನ್ನು. ತಗಡಿನ ಮಾಡಿನ ಕೆಳಗೆ ಒಂದು ವಿಚಿತ್ರ ವಾಹನ ನಿಂತಿತ್ತು. ಹಿಂದಿನಿಂದ ನೋಡಿದರೆ ಅಜ್ಜನ ಕಾಲದ ಗುಂಡನೆಯ ಕಾರು. ಆದರೆ ಅದರ ಮೇಲ್ಛಾವಣಿಯನ್ನು ಕತ್ತರಿಸಿ ತೆಗೆದಿದ್ದರು. ಮಡ್‌ಗಾರ್ಡ್ ಇರಲಿಲ್ಲ, ಬಾನೆಟ್ಟೂ ಇರಲಿಲ್ಲ. ಬಾನೆಟ್ ಇರಬೇಕಾದ ಜಾಗದಲ್ಲಿ ಎಂಟು ಸಿಲಿಂಡರಿನ ಅಮೆರಿಕದ ಎಂಜಿನ್ ಒಂದು ಎದೆ ತೆರೆದುಕೊಂಡು ಕೂತಿತ್ತು.

"ಇದಕ್ಕ ಹಾಟ್ ರಾಡ್ ಅಂತಾರವಾ," ಎಂದು ಮಾವ ದತ್ತಾತ್ರೇಯರು ಹೇಳಿದ್ದರು. "ಬಾಡಿ ನಮ್ಮಪ್ಪಂದು."

"ಎಂಜಿನ್ ನಂದು," ಎಂದು ಪಕ್ಕದಲ್ಲಿ ನಿಂತಿದ್ದ ಹನುಮಂತರಾಯರು ತಡಮಾಡದೆ ಸೇರಿಸಿದ್ದರು.

ಹನುಮಂತರಾಯರು ಅತ್ತೆ ತುಳಸಾಬಾಯಿಯ ತಮ್ಮ. ಬಸ್ಸುಗಳ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಅವರ ಭಾವ ದತ್ತಾತ್ರೇಯರು ಕೋರ್ಟಿನಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು. ಮಿಯಾಪುರದ ಅಪಾರ್ಟ್‌ಮೆಂಟಿನಿಂದ ಹನುಮಂತರಾಯರು ಪ್ರತಿ ಭಾನುವಾರ ಮೆಟ್ರೊ ಹಿಡಿದು ನಾಂಪಲ್ಲಿಯಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ಬರುತ್ತಿದ್ದರು. ಅಕ್ಕನನ್ನು ನೋಡಲು ಬಂದೆ ಎನ್ನುತ್ತಿದ್ದರು. ಅಕ್ಕನ ಮುಖ ನೋಡುತ್ತಿದ್ದುದು ಮಾತ್ರ ಊಟದ ಹೊತ್ತಿಗೆ.

ಆ ಕಾರು ಇಬ್ಬರದೂ ಆಗಿತ್ತು, ಹಾಗಾಗಿ ಯಾರದೂ ಆಗಿರಲಿಲ್ಲ. ಬಣ್ಣ ಮಾಸಿದರೆ ಭಾವನ ತಪ್ಪು, ಎಂಜಿನ್ ಕೆಮ್ಮಿದರೆ ಭಾವಮೈದುನನ ತಪ್ಪು. ಆದರೂ ಇಬ್ಬರೂ ಅದರ ಎರಡು ಮಗ್ಗುಲಲ್ಲಿ ನಿಂತು ಹರಟುತ್ತ, ಉಜ್ಜುತ್ತ, ಬಿಗಿಯುತ್ತ ಸುಖವಾಗಿಯೇ ಇದ್ದರು, ಕಳೆದ ವರ್ಷದ ಮೆರವಣಿಗೆಯವರೆಗೆ.

ಸಂಕ್ರಾಂತಿಯಾದ ಮೇಲೆ ಹುಸೇನಸಾಗರದ ದಂಡೆಯ ಮೇಲೆ ಹಳೇ ಕಾರುಗಳ ಮೆರವಣಿಗೆ ನಡೆಯುತ್ತದೆ. ಕಳೆದ ವರ್ಷ ಇಬ್ಬರೂ ಒಂದೇ ಬಣ್ಣದ ಟೊಪ್ಪಿಗೆ ಹಾಕಿಕೊಂಡು ಹೊರಟಿದ್ದರು. ಗಲ್ಲಿಯ ತಿರುವು ದಾಟುವ ಮೊದಲೇ ಕಾರಿನ ಹಿಂದಿನಿಂದ ನೀಲಿ ಹೊಗೆ ಏಳತೊಡಗಿತು. ಸ್ವಲ್ಪ ಹೊಗೆಯಲ್ಲ, ಗಲ್ಲಿ ತುಂಬುವಷ್ಟು ಹೊಗೆ. ಮಹಡಿ ಮನೆಯವರು ಸೊಳ್ಳೆಗೆ ಹೊಗೆ ಹಾಕುವ ಗಾಡಿ ಬಂತೆಂದು ಪಟಪಟನೆ ಕಿಟಕಿ ಮುಚ್ಚಿದರು. ಮಿರ್ಚಿ ಭಜಿಯ ಬಂಡಿಯವಳು ಬಾಣಲೆಯ ಮೇಲೆ ತಟ್ಟೆ ಕವುಚಿದಳು. ಮುಂದಿನ ಸಿಗ್ನಲ್ಲಿನಲ್ಲಿ ಒಬ್ಬ ವೃದ್ಧರು ಹತ್ತಿರ ಬಂದು, ನಮ್ಮ ಮೊಹಲ್ಲಾಕ್ಕೂ ಬಂದು ಹೋಗಿ, ಸೊಳ್ಳೆ ವಿಪರೀತವಾಗಿವೆ ಎಂದು ದಖನಿ ಉರ್ದುವಿನಲ್ಲಿ ವಿನಂತಿಸಿಕೊಂಡರು. ದತ್ತಾತ್ರೇಯರು ಅಲ್ಲಿಯೇ ಕಾರು ತಿರುಗಿಸಿದರು. ಮನೆಗೆ ಬಂದು ಟೊಪ್ಪಿಗೆ ತೆಗೆದು, "ಎಂಜಿನ್ ಯಾರದೋ ಹೊಗಿನೂ ಅವರದ," ಎಂದರು. ಹನುಮಂತರಾಯರು, "ಇಂಥ ತಗಡಿನ್ಯಾಗ ನನ್ನ ಎಂಜಿನ್ ಕೂಡ್ಸಿದ್ದ ತಪ್ಪಾತು," ಎಂದರು. ಅಂದಿನಿಂದ ಅವರ ನಡುವೆ ಮಾತು ನಿಂತುಹೋಯಿತು.

ಮಾತು ನಿಂತಿತೇ ಹೊರತು ಭಾನುವಾರ ನಿಲ್ಲಲಿಲ್ಲ. ಹನುಮಂತರಾಯರು ಬರುತ್ತಲೇ ಇದ್ದರು. ದತ್ತಾತ್ರೇಯರು ಎಂಜಿನ್ನಿನ ಎಡಕ್ಕೆ, ಇವರು ಬಲಕ್ಕೆ. ಆಡಬೇಕಾದ ಮಾತನ್ನು ದಾಟಿಸುವ ಕೆಲಸ ಹರ್ಷದಾಳ ಪಾಲಿಗೆ ಬಂತು. ಅವಳ ಗಂಡ ಅಮೋಲ್‌ಗೆ ಗ್ರೀಸಿನ ವಾಸನೆ ಬಂದರೆ ತಲೆನೋವು. ಹರ್ಷದಾಗೆ ಮಾತ್ರ, ತಾನೂ ಯಾಕೆಂದು ತಿಳಿಯದೆ, ಆ ಎಂಜಿನ್ನಿನ ಮೇಲೆ ಪ್ರೀತಿ ಹುಟ್ಟಿತ್ತು. ಅವಳು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯೆ. ದಿನವಿಡೀ ಮಲಗಿದವರ ಉಸಿರು ಕಾಯುವವಳು. ಭಾನುವಾರ ಜೋರಾಗಿ ಉಸಿರಾಡುವ ಒಂದು ಪ್ರಾಣಿಯ ಮುಂದೆ ನಿಲ್ಲುವುದು ಅವಳಿಗೆ ಹಾಯೆನಿಸುತ್ತಿತ್ತು.

"ಹರ್ಷಾ, ಎಂಜಿನ್ ಮಾಲಕರಿಗೆ ಹೇಳು, ಪ್ಲಗ್ ಬಿಚ್ಚಿ ನೋಡ್ರಿ ಅಂತ," ಎನ್ನುತ್ತಿದ್ದರು ದತ್ತಾತ್ರೇಯರು. ಎಂಜಿನ್ ಮಾಲೀಕರು ಒಂದು ಮೊಳದಾಚೆ ನಿಂತಿರುತ್ತಿದ್ದರು.

"ಬಾಡಿ ಮಾಲಕರಿಗೆ ಹೇಳವ್ವಾ, ಆಗಲೇ ನೋಡೇನಿ. ಅವರ ಮಗ್ಗಲಿನ ಪ್ಲಗ್ ಎಣ್ಣಿಸ್ನಾನ ಮಾಡಿ ಕುಂತಾವ. ಗಾಳಿ ಸೋರೂದು ಆ ಕಡೆನ."

"ಅವರ ಮಗ್ಗಲಿಂದು ಏನು ಒಣಗ್ಯಾವಂತೇನು, ಕೇಳು."

ಹರ್ಷದಾ ಕೇಳುತ್ತಿರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಉತ್ತರ ಬಂದುಬಿಡುತ್ತಿತ್ತು.

ಕಾಯಿಲೆ ಏನೆಂಬುದರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಎಂಜಿನ್ನಿನ ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಇಂಟೇಕ್ ಮ್ಯಾನಿಫೋಲ್ಡ್ ಎಂಬ ಭಾರವಾದ ಕಬ್ಬಿಣದ ಎರಕ ಕೂತಿರುತ್ತದೆ. ಅದರ ನೆತ್ತಿಯ ಮೇಲೆ ಕಾರ್ಬ್ಯುರೇಟರ್. ಪೆಟ್ರೋಲು ಬೆರೆತ ಗಾಳಿ ಅದರ ಕೊಳವೆಗಳ ಮೂಲಕವೇ ಎಂಟೂ ಸಿಲಿಂಡರಿಗೆ ಇಳಿಯಬೇಕು. ಕೂಡುವ ಜಾಗದಲ್ಲಿ ಎಲ್ಲಾದರೂ ಸಂದು ಬಿದ್ದರೆ ಎಂಜಿನ್ ಅಲ್ಲಿಂದಲೂ ಕಳ್ಳಗಾಳಿ ಜಗ್ಗುತ್ತದೆ. ಆಗ ನಿಂತಲ್ಲೇ ಅದರ ಸದ್ದು ಏರುತ್ತದೆ, ಇಳಿಯುತ್ತದೆ, ಗೊರಕೆ ಹೊಡೆಯುವವರು ಮಗ್ಗುಲು ಬದಲಿಸಿದಂತೆ. ಸಂದು ಎಲ್ಲಿದೆ ಎಂಬುದೇ ಜಗಳ.

ಹೀಗೇ ವರ್ಷ ಕಳೆಯುತ್ತ ಬಂದಾಗ ಒಂದು ಬೆಳಿಗ್ಗೆ ತುಳಸಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಶೆಡ್ಡಿಗೆ ಬಂದರು. ಅವರು ಅಲ್ಲಿಗೆ ಬರುವುದೇ ಅಪರೂಪ. ಇಬ್ಬರೂ ಬೋಲ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟರು.

"ಈ ಸಲದ ಮೆರವಣಿಗಿಗೆ ಮುಂದಿನ ಸೀಟಿನ್ಯಾಗ ನಾ ಕೂಡಾಕಿ," ಎಂದರು ಅವರು. "ಇಲಕಲ್ ಸೀರಿ ಉಟಗೊಂಡು ಬರ್ತೀನಿ. ಅವತ್ತ ಹೊಗಿ ಎದ್ದರ ಮರುದಿನ ಈ ಶೆಡ್ಡಿನ್ಯಾಗ ಕಾರೂ ಇರೂದಿಲ್ಲ, ನೀವಿಬ್ಬರೂ ಇರೂದಿಲ್ಲ. ಹರ್ಷಾ, ಇದನ್ನ ಇಬ್ಬರಿಗೂ ದಾಟಸು."

"ಕೇಳಿಸ್ತು," ಎಂದರು ಇಬ್ಬರೂ ಒಟ್ಟಿಗೆ.

ಅಂದೇ ನೀರಿನ ಪರೀಕ್ಷೆ ನಡೆಯಿತು. ಎಂಜಿನ್ ಓಡುತ್ತಿರುವಾಗ ಮ್ಯಾನಿಫೋಲ್ಡಿನ ಅಂಚಿಗೆ ನೀರು ಸಿಂಪಡಿಸಬೇಕು. ಸಂದಿದ್ದಲ್ಲಿ ನೀರು ಒಳಗೆ ಹೋಗಿ ಎಂಜಿನ್ ದನಿ ಬದಲಿಸುತ್ತದೆ. ಇಸ್ತ್ರಿಗೆ ಇಟ್ಟಿದ್ದ ಸಿಂಪಡಿಸುವ ಬಾಟಲಿ ದತ್ತಾತ್ರೇಯರ ಕೈಯಲ್ಲಿ, ತುಳಸಿಕಟ್ಟೆಯದು ಹನುಮಂತರಾಯರ ಕೈಯಲ್ಲಿ. ಭಾವ ಬಗ್ಗಿ ಭಾವಮೈದುನನ ಮಗ್ಗುಲಿಗೆ ಸಿಂಪಡಿಸಿದರು, ಭಾವಮೈದುನ ಭಾವನ ಮಗ್ಗುಲಿಗೆ. ಇಬ್ಬರೂ ಕಿವಿಗೊಟ್ಟು ಕಾದರು. ಎಂಜಿನ್ ತನ್ನಷ್ಟಕ್ಕೆ ಗೊರಕೆ ಹೊಡೆಯುತ್ತಲೇ ಇತ್ತು. ಮತ್ತಷ್ಟು ಸಿಂಪಡಿಸಿದರು. ಹಠಕ್ಕೆ ಬಿದ್ದು ಇನ್ನಷ್ಟು. ಕೊನೆಗೆ ಕರೆಂಟಿನ ವೈರುಗಳೆಲ್ಲ ತೋಯ್ದು ಎಂಜಿನ್ ಒಮ್ಮೆ ಸೀನಿ ನಿಂತೇ ಹೋಯಿತು. ಇಬ್ಬರ ಬನಿಯನ್ನುಗಳಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

"ಮಾಲಕರಿಬ್ಬರೂ ಬಿಸಿಲಾಗ ನಿಂದರ್ರಿ," ಎಂದಳು ಹರ್ಷದಾ. "ಮೂವರೂ ಒಣಗಿದ ಮ್ಯಾಲೆ ಚಾಲೂ ಮಾಡೂಣು."

ಮರುದಿನ ಆಸ್ಪತ್ರೆಯಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ, ಅವಳು ಎಂದಿನಂತೆ ತನ್ನ ಯಂತ್ರ ಪರೀಕ್ಷಿಸುತ್ತಿದ್ದಳು. ರೋಗಿಗೆ ಉಸಿರು ಕೊಡುವ ಕೊಳವೆಯ ಬಾಯಿ ಅಂಗೈಯಿಂದ ಮುಚ್ಚಿ, ಒಳಗೆ ಗಾಳಿ ತುಂಬಿ, ಒತ್ತಡ ನಿಲ್ಲುತ್ತದೋ ಇಲ್ಲವೋ ನೋಡುವುದು. ಹೊರಗಿನ ಜೋಡಣೆಯೆಲ್ಲ ಸರಿಯಿದ್ದೂ ಒತ್ತಡ ಇಳಿದರೆ ಸೋರಿಕೆ ಕಾಣದ ಜಾಗದಲ್ಲಿದೆ ಎಂದೇ ಅರ್ಥ. ಅಂಗೈ ಹಾಗೇ ಇಟ್ಟುಕೊಂಡು ಅವಳು ಒಂದು ಕ್ಷಣ ನಿಂತಳು. ಮ್ಯಾನಿಫೋಲ್ಡಿಗೆ ಎಡ ಬಲ ಮಾತ್ರವಲ್ಲ, ಕೆಳಮಗ್ಗುಲೂ ಇದೆಯಲ್ಲ ಎಂದು ಹೊಳೆದಿತ್ತು. ಅದರ ಕೆಳಗೆ ಎಂಜಿನ್ನಿನ ಹೊಟ್ಟೆ. ಅಲ್ಲಿ ಎಣ್ಣೆ ಸದಾ ಚಿಮ್ಮುತ್ತಿರುತ್ತದೆ.

ಮುಂದಿನ ಭಾನುವಾರ ಅವಳು ಶೆಡ್ಡಿಗೆ ಹೋದಾಗ ಜೇಬಿನಲ್ಲಿ ಆಪರೇಷನ್ನಿನ ರಬ್ಬರ್ ಕೈಗವಸು ಇತ್ತು.

"ಮಾಮಾ, ಈ ಎಂಜಿನ್ನಿನ ಹೊಟ್ಟಿಗೆ ಉಸಿರಾಡಾಕ ಎಷ್ಟು ಬಾಯಿ ಅದಾವ?" ಎಂದು ಹನುಮಂತರಾಯರನ್ನು ಕೇಳಿದಳು. ಅವರನ್ನು ಅವಳು ಗಂಡ ಕರೆಯುವಂತೆ ಮಾಮಾ ಎಂದೇ ಕರೆಯುತ್ತಿದ್ದಳು.

"ಎರಡು. ಮುಂದ ಎಣ್ಣಿ ಹಾಕೂ ಕೊಳವಿ, ಹಿಂದ ಇನ್ನೊಂದು."

"ಹಿಂದಿಂದು ಅರಿವಿ ತುರುಕಿ ಮುಚ್ಚರಿ. ಮಾವ, ನೀವು ಚಾಲೂ ಮಾಡ್ರಿ."

ಅವಳು ಎಣ್ಣೆ ಕೊಳವೆಯ ಬಾಯಿಗೆ ಕೈಗವಸು ತೊಡಿಸಿ ದಾರ ಸುತ್ತಿದಳು. ಐದು ಬೆರಳುಗಳು ಬಾಡಿದ ಬಾಳೆಗೊನೆಯಂತೆ ಜೋತುಬಿದ್ದವು.

"ಇದೇನ ಆಟ?" ಎಂದರು ದತ್ತಾತ್ರೇಯರು.

"ಆರೋಗ್ಯ ಇದ್ದ ಎಂಜಿನ್ ಹೊಟ್ಟಿಯೊಳಗಿನ ಗಾಳಿ ಹೊರಗ ದೂಡತೈತ್ರಿ. ಅಂದ್ರ ಇದು ಉಬ್ಬಬೇಕು. ಒಳಗ ಹೋತಂದ್ರ ಯಾರೋ ಒಳಗಿಂದ ಜಗ್ಗಾಕತ್ತಾರ ಅಂತ ಲೆಕ್ಕ."

ಎಂಜಿನ್ ಚಾಲೂ ಆಯಿತು. ಕೈಗವಸು ಒಮ್ಮೆ ನಡುಗಿತು. ಆಮೇಲೆ ಮೊದಲು ಕಿರುಬೆರಳು, ಅದರ ಹಿಂದೆ ಉಂಗುರಬೆರಳು, ಹೀಗೆ ಒಂದೊಂದಾಗಿ ಐದೂ ಬೆರಳು ಕೊಳವೆಯೊಳಗೆ ಮೆಲ್ಲಗೆ ಇಳಿದುಹೋದವು. ಹೊರಗೆ ಮಣಿಕಟ್ಟು ಮಾತ್ರ ಉಳಿಯಿತು. ಯಾರೋ ಬರಣಿಗೆ ಕೈ ಹಾಕಿ ಉಪ್ಪಿನಕಾಯಿ ಕದಿಯುತ್ತಿರುವಂತಿತ್ತು.

"ಮ್ಯಾನಿಫೋಲ್ಡ್ ತಳಗಿಂದ ಸೋರಾಕತ್ತೈತಿ," ಎಂದರು ಇಬ್ಬರೂ ಒಂದೇ ಉಸಿರಿಗೆ. ಹೇಳಿದ ಮೇಲೆ ಇಬ್ಬರಿಗೂ ಬೇಜಾರಾಯಿತು. ಇಡೀ ವರ್ಷ ಎಡವೋ ಬಲವೋ ಎಂದು ವಾದಿಸಿದ್ದು ನೀರುಪಾಲಾಯಿತಲ್ಲ.

ಈಗ ಮ್ಯಾನಿಫೋಲ್ಡ್ ಎತ್ತದೆ ಬೇರೆ ದಾರಿ ಇರಲಿಲ್ಲ. ರೇಡಿಯೇಟರಿನ ನೀರು ಬಸಿದರು. ಕಾರ್ಬ್ಯುರೇಟರ್ ಬಿಚ್ಚಿ ತಟ್ಟೆಯಲ್ಲಿಟ್ಟರು. ಬೋಲ್ಟುಗಳನ್ನೆಲ್ಲ ಸಡಿಲಿಸಿ, ಎರಡೂ ಕಡೆ ಹಿಡಿದು ಅಲುಗಿಸಿದಾಗ ಎರಕ ಒಂದು ನಿಟ್ಟುಸಿರಿನೊಂದಿಗೆ ಮೇಲೆದ್ದಿತು. ಕೆಳಗಿನ ಕಣಿವೆಗೆ ಏನೂ ಬೀಳದಂತೆ ಹರ್ಷದಾ ಅತ್ತೆಯ ಹಳೇ ಸೀರೆಯ ತುಂಡುಗಳನ್ನು ತುಂಬಿದಳು. ಆಮೇಲೆ ಟಾರ್ಚ್ ಹಿಡಿದು ಬಗ್ಗಿದಳು.

ಮ್ಯಾನಿಫೋಲ್ಡಿನ ಎರಡು ಉದ್ದ ಬದಿಗೆ ಸಂದು ಮುಚ್ಚುವ ತೆಳು ಹಾಳೆಯ ಗ್ಯಾಸ್ಕೆಟ್ಟುಗಳು, ಮುಂದಿನ ಮತ್ತು ಹಿಂದಿನ ಗಿಡ್ಡ ತುದಿಗೆ ಎಣ್ಣೆ ಸೋರದಂತೆ ಒಂದೊಂದು ಕಾರ್ಕಿನ ಪಟ್ಟಿ. ಇರಬೇಕಾದದ್ದು ಇಷ್ಟು. ಆದರೆ ಮುಂದಿನ ತುದಿಯಲ್ಲಿ ಕಾರ್ಕಿನ ಮೇಲೆ ಅಂಟು ಹಚ್ಚಿ ಇನ್ನೊಂದು ಕಾರ್ಕ್ ಕೂರಿಸಿತ್ತು. ಹಿಂದಿನ ತುದಿಯಲ್ಲಿ ಕಾರ್ಕಿನ ಮೇಲೆ ಸೈಕಲ್ ಟ್ಯೂಬಿನ ತುಂಡು. ಹೀಗೆ ಎರಡೂ ತುದಿ ಎತ್ತರವಾಗಿ, ಮ್ಯಾನಿಫೋಲ್ಡ್ ಇಟ್ಟಿಗೆಯ ಮೇಲಿಟ್ಟ ಮಂಚದಂತೆ ನಿಂತಿತ್ತು. ಗ್ಯಾಸ್ಕೆಟ್ಟಿನ ಮೇಲಂಚು ಬಿಗಿಯಾಗಿತ್ತು, ಕೆಳ ಅಂಚಿಗೆ ಒತ್ತೇ ತಗುಲಿರಲಿಲ್ಲ. ಆ ಸಂದಿನಿಂದ ಎಂಜಿನ್ ತನ್ನ ಹೊಟ್ಟೆಯ ಎಣ್ಣೆಯನ್ನೇ ಕುಡಿದು, ಸುಟ್ಟು, ಅಬಿಡ್ಸ್‌ಗೆಲ್ಲ ಹೊಗೆ ಹಂಚಿತ್ತು.

"ಇದು ಯಾರ ಕೆಲಸ?" ಎಂದಳು ಹರ್ಷದಾ.

ದತ್ತಾತ್ರೇಯರು ಮಾಡಿನ ತಗಡಿನಲ್ಲಿದ್ದ ತೂತುಗಳನ್ನು ಗಮನವಿಟ್ಟು ನೋಡತೊಡಗಿದರು. ಹನುಮಂತರಾಯರು ಕನ್ನಡಕ ತೆಗೆದು ಒರೆಸಿದರು. ಕೊನೆಗೆ ಮಾತು ಹೊರಟಿದ್ದು ಅವಳ ಮೂಲಕವೇ.

"ಹಿಂದ ಸೈಕಲ್ ಟ್ಯೂಬ್ ಹಾಕಿದವರು ಯಾರು ಅಂತ ಕೇಳು. ಬಸ್ಸಿನ ವರ್ಕ್‌ಶಾಪಿನ್ಯಾಗ ಇದನ್ನ ಕಲಸ್ತಾರೇನು?"

"ಮುಂದ ಕಾರ್ಕಿನ ಮ್ಯಾಲೆ ಕಾರ್ಕ್ ಇಟ್ಟವರು ಯಾರು ಅಂತ ನೀನೂ ಕೇಳವ್ವಾ. ಕೋರ್ಟಿನ್ಯಾಗ ಕಲ್ತಿರಬೇಕು."

"ಮುಂದ ಎಣ್ಣಿ ತೊಟ್ಟಿಕ್ಕತಿತ್ತು."

"ಹಿಂದನೂ ತೊಟ್ಟಿಕ್ಕತಿತ್ತು."

ಕಳೆದ ಮೆರವಣಿಗೆಯ ಮುನ್ನ, ಇನ್ನೂ ಚೆನ್ನಾಗಿ ಮಾತಾಡುತ್ತಿದ್ದ ದಿನಗಳಲ್ಲೇ, ಇನ್ನೊಬ್ಬರಿಗೆ ಹೇಳಿದರೆ ನಗುತ್ತಾರೆಂದು ಇಬ್ಬರೂ ಗುಟ್ಟಾಗಿ, ಒಬ್ಬೊಬ್ಬರು ಒಂದೊಂದು ತುದಿಯನ್ನಷ್ಟೇ ಎತ್ತಿ, ತೇಪೆ ಹಾಕಿದ್ದರು. ಒಬ್ಬರೇ ಹಾಕಿದ್ದರೆ ಕಾರು ಹೇಗೋ ತಡೆದುಕೊಳ್ಳುತ್ತಿತ್ತೇನೋ. ಹರ್ಷದಾಗೆ ನಗು ತಡೆಯಲಾಗಲಿಲ್ಲ. ಅವಳು ಟಾರ್ಚ್ ಕೆಳಗಿಟ್ಟು, ಕಾರಿನ ಚಕ್ರಕ್ಕೆ ಒರಗಿ ಕೂತು ಕಣ್ಣೀರು ಬರುವಂತೆ ನಕ್ಕಳು. ಇಬ್ಬರು ಹಿರಿಯರೂ ಅವಳು ನಗುವುದನ್ನು ಗಂಭೀರವಾಗಿ ನೋಡುತ್ತ ನಿಂತರು. ದತ್ತಾತ್ರೇಯರ ಮೀಸೆ ಮಾತ್ರ ಸ್ವಲ್ಪ ಅಲುಗಿತು.

ಹಳೇ ಗ್ಯಾಸ್ಕೆಟ್ ಕೆರೆದು ತೆಗೆಯುವುದಕ್ಕೇ ಕೆಲವು ಭಾನುವಾರಗಳು ಬೇಕಾದವು. ಹರ್ಷದಾ ಉಕ್ಕಿನ ಪಟ್ಟಿ ಅಡ್ಡ ಇಟ್ಟು, ಅದರಡಿ ತೆಳು ತಗಡೂ ತೂರುವುದಿಲ್ಲವೆಂದು ನೋಡಿ, ಎರಕ ಎಲ್ಲೂ ಬಾಗಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಕಾರ್ಕಿನ ಪಟ್ಟಿಗಳಿಲ್ಲದೆ ಒಮ್ಮೆ ಸುಮ್ಮನೆ ಕೂರಿಸಿ ನೋಡಿದಾಗ ಮ್ಯಾನಿಫೋಲ್ಡ್ ಅಚ್ಚುಕಟ್ಟಾಗಿ ತಳಕ್ಕೆ ಇಳಿಯಿತು. ಈ ಸಲ ತುದಿಗಳಿಗೆ ಕಾರ್ಕೂ ಬೇಡ, ಟ್ಯೂಬೂ ಬೇಡ, ಸಿಲಿಕಾನ್ ಪೇಸ್ಟಿನ ಒಂದು ಗೆರೆ ಸಾಕು ಎಂದು ಹನುಮಂತರಾಯರು ತೀರ್ಮಾನಿಸಿದರು. ಹರ್ಷದಾ ಅದನ್ನು ದಾಟಿಸಿದಳು. ದತ್ತಾತ್ರೇಯರು ಒಪ್ಪಿದ್ದನ್ನು ಮರಳಿ ದಾಟಿಸಿದಳು.

ಪೇಸ್ಟ್ ಹಚ್ಚಿದ ಮೇಲೆ ಕಷ್ಟ ಶುರುವಾಯಿತು. ಅದು ಒಣಗುವ ಮೊದಲು ಬೋಲ್ಟ್ ಬಿಗಿಯಬೇಕು. ಅದೂ ಮನಸ್ಸಿಗೆ ಬಂದಂತಲ್ಲ. ನಡುವಿನಿಂದ ಶುರುಮಾಡಿ ತುದಿಗಳ ಕಡೆಗೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಸ್ವಲ್ಪ ಸ್ವಲ್ಪವೇ. ಇಬ್ಬರೂ ತಂತಮ್ಮ ಮಗ್ಗುಲಲ್ಲಿ ಪಾನಾ ಹಿಡಿದು ನಿಂತರು. ನಡುವೆ ಹರ್ಷದಾ. ಅವಳು ಬಾಯಿ ತೆರೆದು "ಮಾವ, ನೀವು..." ಎನ್ನುವಷ್ಟರಲ್ಲಿ ತುಳಸಾಬಾಯಿ ತಟ್ಟೆ ಹಿಡಿದು ಒಳಗೆ ಬಂದರು.

"ಬಿಸಿ ಶೇಂಗಾ ಉಂಡಿ ನೋಡವಾ, ಬೆಲ್ಲದ ಪಾಕ ಸರಿ ಆಗೈತೋ ಇಲ್ಲೋ," ಎನ್ನುತ್ತ ನಿಂಬೆಹಣ್ಣಿನಷ್ಟು ದೊಡ್ಡ ಉಂಡೆಯನ್ನು ಇಡಿಯಾಗಿ ಸೊಸೆಯ ಬಾಯಿಗೆ ತುರುಕಿದರು.

ಪಾಕ ಸರಿಯಾಗಿರಲಿಲ್ಲ. ಹರ್ಷದಾಳ ಮೇಲಿನ ಹಲ್ಲು ಕೆಳಗಿನ ಹಲ್ಲು ಒಂದಕ್ಕೊಂದು ಅಂಟಿಕೊಂಡವು. ಅವಳು ಎಡಕ್ಕೆ ಕೈ ತೋರಿಸಿದಳು, ಬಲಕ್ಕೆ ತೋರಿಸಿದಳು, ಪೇಸ್ಟ್ ಒಣಗುತ್ತಿದೆ ಎಂದು ಬೆರಳಾಡಿಸಿ ತೋರಿಸಿದಳು. ಅತ್ತೆ ಮುಗ್ಧ ಮುಖದಿಂದ ತಟ್ಟೆ ಹಿಡಿದು ಅಲ್ಲಿಯೇ ನಿಂತಿದ್ದರು. ಅವರ ಕಣ್ಣು ನೋಡಿದ ಮೇಲೆ ಪಾಕ ತಪ್ಪಿದ್ದು ಆಕಸ್ಮಿಕವಲ್ಲವೆಂದು ಹರ್ಷದಾಗೆ ಅನುಮಾನ ಬಂತು.

ದತ್ತಾತ್ರೇಯರು ಗಂಟಲು ಸರಿಪಡಿಸಿಕೊಂಡರು.

"ನಡುವಿಂದು ಹಿಡದೇನಿ," ಎಂದು ಗೋಡೆಗೆ ಹೇಳಿದರು.

"ಅರ್ಧ ಸುತ್ತು," ಎಂದು ಹನುಮಂತರಾಯರು ರೇಡಿಯೇಟರಿಗೆ ಹೇಳಿದರು.

"ಆತು."

"ನಂದೂ ಆತು. ಮುಂದಿಂದು."

ಸ್ವಲ್ಪ ಹೊತ್ತು ಪಾನಾಗಳ ಸದ್ದು. ಇಬ್ಬರ ತಲೆಗಳೂ ಎಂಜಿನ್ನಿನ ಮೇಲೆ ಬಾಗಿ ಹತ್ತಿರವಾದವು. "ಭಾವ, ತಡೀರಿ, ನೀವು ಭಾಳ ಬಿಗದ್ರಿ, ನಂದು ಹಿಂದ ಉಳೀತು," ಎಂದರು ಹನುಮಂತರಾಯರು. ಹೇಳಿದ ಮೇಲೆಯೇ ಏನು ಹೇಳಿದೆನೆಂದು ಅವರಿಗೆ ತಿಳಿದದ್ದು. ಅವರ ಕೈ ನಿಂತಿತು.

ದತ್ತಾತ್ರೇಯರು ತಲೆ ಎತ್ತಲಿಲ್ಲ. "ನಿಂತೇನಿ. ನೀ ಬಾರೊ ಹಣಮಂತ, ಅವಸರ ಇಲ್ಲ," ಎಂದರು.

ಹರ್ಷದಾ ಆ ಹೊತ್ತಿಗೆ ಉಂಡೆಯನ್ನು ಅರ್ಧ ಕರಗಿಸಿಕೊಂಡಿದ್ದಳು. ಆದರೂ ಬಾಯಿ ಮುಚ್ಚಿಕೊಂಡೇ ಟಾರ್ಚ್ ಹಿಡಿದು ನಿಂತಳು. ಕೊನೆಯ ಬೋಲ್ಟಿನವರೆಗೂ ಅವಳಿಂದ ಒಂದು ಮಾತೂ ಬೇಕಾಗಲಿಲ್ಲ.

ಪೇಸ್ಟ್ ಗಟ್ಟಿಯಾಗಲೆಂದು ಎಂಜಿನ್ನನ್ನು ಮರುದಿನದವರೆಗೆ ಬಿಟ್ಟರು. ಹನುಮಂತರಾಯರು ಮಿಯಾಪುರಕ್ಕೆ ಫೋನ್ ಮಾಡಿ, ಮೆಟ್ರೊದಲ್ಲಿ ಗದ್ದಲ ಜಾಸ್ತಿ, ಇವತ್ತು ಇಲ್ಲಿಯೇ ಉಳಿಯುತ್ತೇನೆ ಎಂದು ಹೆಂಡತಿಗೆ ತಿಳಿಸಿದರು. ಬೆಳಿಗ್ಗೆ ಹರ್ಷದಾ ಆಸ್ಪತ್ರೆಗೆ ರಜೆ ಹೇಳಿ ಕೀಲಿ ತಿರುಗಿಸಿದಳು. ಎಂಜಿನ್ ಎದ್ದಿತು, ಎರಡು ಸಲ ಗುಟುರು ಹಾಕಿತು, ಸತ್ತಿತು. ಮತ್ತೆ ತಿರುಗಿಸಿದಳು. ಮತ್ತೆ ಸತ್ತಿತು.

ಹನುಮಂತರಾಯರ ಮುಖ ಬಾಡಿತು. ದತ್ತಾತ್ರೇಯರು ಮಾತ್ರ ಕಿವಿಯನ್ನು ಕಾರ್ಬ್ಯುರೇಟರಿನ ಹತ್ತಿರ ತಂದು ಯೋಚಿಸಿದರು. "ಹಣಮಂತ, ವರ್ಷಪೂರ್ತಿ ಕಳ್ಳಗಾಳಿ ಕುಡಿಯೂ ಎಂಜಿನ್ನಿಗೆ ಹೊಂದಸಿದ ಸ್ಕ್ರೂ ಇದು. ಈಗ ಕಳ್ಳಗಾಳಿ ಇಲ್ಲ. ಪೆಟ್ರೋಲ್ ಹೆಚ್ಚಾಗಿ ಉಸಿರು ಕಟ್ಟಾಕತ್ತೈತಿ."

"ಖರೆ ಐತಿ ಭಾವ," ಎಂದರು ಹನುಮಂತರಾಯರು. ಒಂದು ವರ್ಷದಿಂದ ಭಾವನ ಯಾವ ಮಾತಿಗೂ ಅವರು ಹಾಗೆ ಅಂದಿರಲಿಲ್ಲ.

ಹರ್ಷದಾ ಕೀಲಿ ತಿರುಗಿಸುತ್ತ ಹೋದಳು, ದತ್ತಾತ್ರೇಯರು ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ಒಳಗೆ ಹೊರಗೆ ಮಾಡುತ್ತ ಹೋದರು. ಮೊದಲು ಕಪ್ಪು ಹೊಗೆ, ಆಮೇಲೆ ಬೂದು, ಆಮೇಲೆ ಏನೂ ಇಲ್ಲ. ಎಂಜಿನ್ನಿನ ಸದ್ದು ಏರಲೂ ಇಲ್ಲ, ಇಳಿಯಲೂ ಇಲ್ಲ. ಒಂದೇ ಸಮನೆ ಗುಡುಗುಡು. ಹರ್ಷದಾ ಹೊಸ ಕೈಗವಸು ತಂದು ಎಣ್ಣೆ ಕೊಳವೆಗೆ ತೊಡಿಸಿದಳು. ಬೆರಳುಗಳು ಒಂದೊಂದಾಗಿ ನಿಮಿರಿದವು, ಅಂಗೈ ತುಂಬಿಕೊಂಡಿತು, ಎಂಜಿನ್ನಿನ ನೆತ್ತಿಯ ಮೇಲೆ ಬಿಳಿಯ ಅಭಯಹಸ್ತವೊಂದು ಎದ್ದು ನಿಂತಿತು. ಬಾಗಿಲಲ್ಲಿದ್ದ ತುಳಸಾಬಾಯಿ ಅಭ್ಯಾಸಬಲದಿಂದ ಕೈ ಮುಗಿದುಬಿಟ್ಟರು.

ಮೆರವಣಿಗೆಯ ದಿನ ಯಾರು ಓಡಿಸಬೇಕೆಂದು ಹೊಸ ಜಗಳ ಹುಟ್ಟಿತು. ಸ್ಟೀರಿಂಗ್ ಬಾಡಿಯ ಭಾಗ ಎಂದು ಭಾವ, ತಿರುಗಿಸುವುದು ಎಂಜಿನ್ನಿನ ಶಕ್ತಿಯನ್ನು ಎಂದು ಭಾವಮೈದುನ. ತುಳಸಾಬಾಯಿ ಹಸಿರು ಇಲಕಲ್ ಸೀರೆಯ ಸೆರಗು ಬಿಗಿದುಕೊಂಡು ಮುಂದಿನ ಸೀಟಿನಲ್ಲಿ ಕೂತು, "ಹರ್ಷಾ, ನೀ ಹತ್ತು," ಎಂದರು. ಗಂಡಸರಿಬ್ಬರೂ ಟೊಪ್ಪಿಗೆ ಹಾಕಿಕೊಂಡು ಹಿಂದೆ ಹತ್ತಿದರು.

ಗಲ್ಲಿಯ ಕಿಟಕಿಗಳು ತೆರೆದೇ ಇದ್ದವು. ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರಡುತ್ತಿದ್ದವರು ತಲೆಯೆತ್ತಿ ನೋಡಿದರು. ಹಿಂದಿನ ಸೀಟಿನಲ್ಲಿ ಒಂದು ವರ್ಷದ ಮಾತು ಒಟ್ಟಿಗೆ ಹೊರಬೀಳುತ್ತಿತ್ತು: ಮೊಣಕಾಲು ನೋವು, ಬೀದರಿನ ಸೋದರತ್ತೆಯ ಆಸ್ತಿ, ಮೆಟ್ರೊ ನಿಲ್ದಾಣದ ಮೆಟ್ಟಿಲು, ಸೈಕಲ್ ಟ್ಯೂಬು. ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸ್ ಬಗ್ಗಿ ಇದು ಯಾವ ಕಾರು ಎಂದು ತೆಲುಗಿನಲ್ಲಿ ಕೇಳಿದ. ಇಬ್ಬರೂ ಎರಡು ಬೇರೆ ಉತ್ತರ ಕೊಟ್ಟರು, ಆಮೇಲೆ ತಮ್ಮತಮ್ಮಲ್ಲೇ ಅದರ ವಿಚಾರಣೆಗೆ ಇಳಿದರು. ಪೊಲೀಸ್ ಹಸಿರು ದೀಪ ಬಿದ್ದ ಮೇಲೂ ಕೇಳುತ್ತ ನಿಂತಿದ್ದ.

ಹುಸೇನಸಾಗರದ ದಂಡೆ ಮುಗಿಯುವಲ್ಲಿ ಬಾವುಟ ಹಿಡಿದ ಕಾರ್ಯಕರ್ತರು ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಹರ್ಷದಾ ವೇಗ ಇಳಿಸಿದಳು.

"ಯಾಕ ನಿಂದ್ರಸ್ತಿ?" ಎಂದರು ತುಳಸಾಬಾಯಿ.

"ಮೆರವಣಿಗಿ ಇಲ್ಲಿಗೆ ಮುಗೀತ್ರಿ ಅತ್ತಿ."

"ಅವರದು ಮುಗದಿರಬೇಕು. ನಾ ಈಗ ಕುಂತೇನಿ. ಗಂಡೀಪೇಟ ಕೆರಿ ಕಡೆ ನಡಿ."

ಬಾವುಟದವರು ಕೈಬೀಸುತ್ತ ಹಿಂದೆ ಉಳಿದರು. ಮೆಹದಿಪಟ್ಟಣದ ಗದ್ದಲ ದಾಟಿ, ಲಂಗರ್ ಹೌಜ್ ದಾಟಿ, ರಸ್ತೆ ಸ್ವಲ್ಪ ಬಿಚ್ಚಿಕೊಂಡಿತು. ಹರ್ಷದಾ ಕನ್ನಡಿಯಲ್ಲಿ ಹಿಂದೆ ನೋಡಿದಳು. ತಿಳಿ ಬಿಸಿಲು, ಖಾಲಿ ರಸ್ತೆ. ಅವಳು ಮೊದಲ ಸಲ ಪೆಡಲನ್ನು ಪೂರ್ತಿ ಒತ್ತಿದಳು. ಎಂಟೂ ಸಿಲಿಂಡರು ಒಟ್ಟಿಗೆ ಉಸಿರೆಳೆದವು. ಹಿಂದಿನ ಸೀಟಿನಲ್ಲಿ ಮಾತು ಥಟ್ಟನೆ ನಿಂತಿತು. ಇಬ್ಬರೂ ಎರಡೂ ಕೈಯಿಂದ ಟೊಪ್ಪಿಗೆ ಹಿಡಿದುಕೊಂಡಿದ್ದರು. ತುಳಸಾಬಾಯಿ ಗಾಳಿಗೆ ಮುಖವೊಡ್ಡಿ, "ಇನ್ನೊಂದೀಟು," ಎಂದರು.